ವಲಸಿಗರ ಸಾಮಾಜಿಕ ಹಕ್ಕುಗಳು ಮತ್ತು ಶುಶ್ರೂಷಾ ವಿದ್ಯಾರ್ಥಿಗಳ ಮನೋಭಾವ

ಪೀಠಿಕೆ

ಸರ್ಕಾರಿ ಆಸ್ಪತ್ರೆ ಅಥವಾ ಆರೋಗ್ಯ ಕೇಂದ್ರಕ್ಕೆ ಬರುವ ರೋಗಿಯನ್ನು ಮೊದಲು ಮಾತನಾಡಿಸುವವರು ಅನೇಕ ವೇಳೆ ಶುಶ್ರೂಷಾಧಿಕಾರಿಗಳು ಹಾಗೂ ಅವರ ಮೇಲ್ವಿಚಾರಣೆಯಲ್ಲಿ ಪ್ರಾಯೋಗಿಕ ತರಬೇತಿ ಪಡೆಯುತ್ತಿರುವ ಶುಶ್ರೂಷಾ ವಿದ್ಯಾರ್ಥಿಗಳೇ ಆಗಿರುತ್ತಾರೆ. ಹೆಸರು, ವಯಸ್ಸು, ಊರು, ತೊಂದರೆ ಇವುಗಳನ್ನು ಕೇಳಿ ಬರೆದುಕೊಳ್ಳುವುದು, ರಕ್ತದೊತ್ತಡ ಮತ್ತು ಜ್ವರ ನೋಡುವುದು, ಮುಂದೆ ಎಲ್ಲಿಗೆ ಹೋಗಬೇಕೆಂದು ತಿಳಿಸುವುದು ಅವರ ನಿತ್ಯದ ಕೆಲಸ. ಸ್ಥಳೀಯ ನಿವಾಸಿಗೆ ಇದು ಸಾಮಾನ್ಯ ವಿಚಾರಣೆ. ಆದರೆ ದೂರದ ಊರಿನಿಂದ ದುಡಿಯಲು ಬಂದ ವ್ಯಕ್ತಿಗೆ "ಯಾವ ಊರು?" ಎಂಬ ಪ್ರಶ್ನೆಯೇ ಅಳುಕು ಹುಟ್ಟಿಸಬಲ್ಲದು. ಆ ಪ್ರಶ್ನೆಯನ್ನು ಆರೈಕೆಗಾಗಿ ಕೇಳಲಾಯಿತೋ, ಸೌಲಭ್ಯಕ್ಕೆ ತಾನು ಅರ್ಹನೋ ಅಲ್ಲವೋ ಎಂದು ಅಳೆಯಲು ಕೇಳಲಾಯಿತೋ ಎಂಬುದು ಅವನಿಗೆ ಕೇಳುವವರ ಧ್ವನಿಯಿಂದಲೇ ತಿಳಿಯುತ್ತದೆ.

ಕಾನೂನು ಮತ್ತು ಯೋಜನೆಗಳಲ್ಲಿ ವಲಸಿಗರಿಗೆ ನೀಡಲಾಗಿರುವ ಹಕ್ಕುಗಳು ಇಂತಹ ಸಣ್ಣ ಸಂದರ್ಭಗಳಲ್ಲಿ ಕೈಗೂಡುತ್ತವೆ ಇಲ್ಲವೇ ಕೈತಪ್ಪುತ್ತವೆ. ಆದುದರಿಂದ ವಲಸಿಗರ ಬಗ್ಗೆ ಶುಶ್ರೂಷಾ ವಿದ್ಯಾರ್ಥಿಗಳ ಮನೋಭಾವ ಹೇಗಿರುತ್ತದೆ, ಅದು ಏಕೆ ಮುಖ್ಯ, ಸೇವೆ ಬಯಸುವವರು ಏನನ್ನು ಕೇಳಿ ಪಡೆಯಬಹುದು ಎಂಬ ವಿಷಯಗಳನ್ನು ಸಾರ್ವಜನಿಕರ ತಿಳುವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

1. ವಲಸಿಗರು ಎಂದರೆ ಯಾರು?

ಹುಟ್ಟಿದ ಅಥವಾ ಹಿಂದೆ ವಾಸವಿದ್ದ ಸ್ಥಳವನ್ನು ಬಿಟ್ಟು ಉದ್ಯೋಗ, ವಿವಾಹ, ವಿದ್ಯಾಭ್ಯಾಸ, ಬರಗಾಲ, ಅಥವಾ ಆಶ್ರಯದ ಕಾರಣದಿಂದ ಬೇರೆಡೆ ನೆಲೆಸಿದವರನ್ನು ವಲಸಿಗರೆಂದು ಕರೆಯಲಾಗುತ್ತದೆ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಇಂತಹವರ ಸಂಖ್ಯೆ 45 ಕೋಟಿಗೂ ಅಧಿಕ. ಇವರಲ್ಲಿ ಬಹುಪಾಲು ಜನ ತಮ್ಮ ರಾಜ್ಯದೊಳಗೇ ಸ್ಥಳ ಬದಲಾಯಿಸಿದವರು. ವಿಶ್ವಸಂಸ್ಥೆಯ ಅಂದಾಜಿನಂತೆ 2024ರಲ್ಲಿ ತಾವು ಹುಟ್ಟಿದ ದೇಶದ ಹೊರಗೆ ವಾಸಿಸುತ್ತಿದ್ದವರು ಸುಮಾರು 30 ಕೋಟಿ.

ಕರ್ನಾಟಕದ ಮಟ್ಟಿಗೆ ವಲಸಿಗರನ್ನು ಮೂರು ವರ್ಗಗಳಾಗಿ ಗುರುತಿಸಬಹುದು.

(ಅ) ರಾಜ್ಯದೊಳಗಿನ ವಲಸಿಗರು: ಮಳೆ ಕೈಕೊಟ್ಟಾಗ ಅಥವಾ ಸುಗ್ಗಿ ಮುಗಿದ ನಂತರ ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳ ಮುಂತಾದ ಜಿಲ್ಲೆಗಳಿಂದ ಬೆಂಗಳೂರಿಗೆ ಗುಳೆ ಬರುವ ಕುಟುಂಬಗಳು.

(ಆ) ಹೊರ ರಾಜ್ಯಗಳಿಂದ ಬಂದವರು: ಒಡಿಶಾ, ಬಿಹಾರ, ಜಾರ್ಖಂಡ್, ಪಶ್ಚಿಮ ಬಂಗಾಳ, ಉತ್ತರ ಪ್ರದೇಶಗಳ ಕಟ್ಟಡ ಕಾರ್ಮಿಕರು, ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಬರುವ ಅಸ್ಸಾಂ ಕಾರ್ಮಿಕರು, ಬೆಳಗಾವಿ ಭಾಗಕ್ಕೆ ಕಬ್ಬು ಕಟಾವಿಗೆ ಬರುವ ಮಹಾರಾಷ್ಟ್ರದ ಗುಂಪುಗಳು.

(ಇ) ಹೊರ ದೇಶದವರು: ವಿದ್ಯಾರ್ಥಿಗಳು, ಉದ್ಯೋಗಿಗಳು ಹಾಗೂ ಆಶ್ರಯ ಪಡೆದವರು. ಮೈಸೂರು ಜಿಲ್ಲೆಯ ಬೈಲಕುಪ್ಪೆ ಮತ್ತು ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡುಗಳಲ್ಲಿ ಟಿಬೆಟನ್ನರ ವಸತಿಗಳು 1960ರ ದಶಕದಿಂದಲೂ ಇವೆ.

ಕನ್ನಡಿಗರೂ ಬೇರೆಡೆ ವಲಸಿಗರೇ ಆಗಿರುತ್ತಾರೆಂಬುದನ್ನು ಗಮನಿಸಬೇಕು. ಉತ್ತರ ಕರ್ನಾಟಕದ ಸಾವಿರಾರು ಕುಟುಂಬಗಳು ಗೋವಾ ಹಾಗೂ ಮುಂಬಯಿಗಳಲ್ಲಿ ಕೂಲಿಗಾಗಿ ನೆಲೆಸಿವೆ. ಬೆಂಗಳೂರಿನ ಹೆರಿಗೆ ಆಸ್ಪತ್ರೆಯಲ್ಲಿ ಒಡಿಶಾದ ಗರ್ಭಿಣಿಗೆ ಎದುರಾಗುವ ತೊಡಕೇ ಗೋವಾದ ಆಸ್ಪತ್ರೆಯಲ್ಲಿ ಯಾದಗಿರಿಯ ಗರ್ಭಿಣಿಗೂ ಎದುರಾಗುತ್ತದೆ.

2. ಹಕ್ಕುಗಳಿಗೆ ಇರುವ ಆಧಾರ

ಸಂವಿಧಾನದ 19ನೇ ಅನುಚ್ಛೇದವು ಭಾರತದ ಯಾವುದೇ ಭಾಗದಲ್ಲಿ ಸಂಚರಿಸುವ ಮತ್ತು ನೆಲೆಸುವ ಸ್ವಾತಂತ್ರ್ಯವನ್ನು ನಾಗರಿಕರಿಗೆ ನೀಡಿದೆ. 14 ಮತ್ತು 21ನೇ ಅನುಚ್ಛೇದಗಳಲ್ಲಿ "ನಾಗರಿಕ" ಎಂಬ ಪದವಿಲ್ಲ. "ವ್ಯಕ್ತಿ" ಎಂಬ ಪದವಿದೆ. ಅಂದರೆ ಕಾನೂನಿನ ಮುಂದೆ ಸಮಾನತೆ ಹಾಗೂ ಜೀವದ ರಕ್ಷಣೆಯು ಈ ನೆಲದ ಮೇಲಿರುವ ವಿದೇಶಿಯರಿಗೂ ಅನ್ವಯಿಸುತ್ತದೆ.

ತುರ್ತು ಚಿಕಿತ್ಸೆಯ ಬಗ್ಗೆ ಸರ್ವೋಚ್ಚ ನ್ಯಾಯಾಲಯದ ಎರಡು ತೀರ್ಪುಗಳು ಪ್ರಮುಖವಾದವು. 1989ರ ಪರಮಾನಂದ ಕಟಾರಾ ಪ್ರಕರಣದಲ್ಲಿ, ಗಾಯಗೊಂಡು ಬಂದವರ ಜೀವ ಉಳಿಸುವುದು ಸರ್ಕಾರಿ ಹಾಗೂ ಖಾಸಗಿ ವೈದ್ಯರೆಲ್ಲರ ಕರ್ತವ್ಯವೆಂದೂ, ಕಾನೂನಿನ ಔಪಚಾರಿಕತೆಗಳಿಗಾಗಿ ಚಿಕಿತ್ಸೆಯನ್ನು ತಡೆಹಿಡಿಯಬಾರದೆಂದೂ ತಿಳಿಸಲಾಯಿತು. 1996ರ ಪಶ್ಚಿಮ ಬಂಗಾಳ ಖೇತ್ ಮಜ್ದೂರ್ ಸಮಿತಿ ಪ್ರಕರಣವು ರೈಲಿನಿಂದ ಬಿದ್ದು ತಲೆಗೆ ಪೆಟ್ಟಾಗಿದ್ದ ಒಬ್ಬ ಕೃಷಿ ಕಾರ್ಮಿಕನಿಗೆ ಸಂಬಂಧಿಸಿದ್ದು. ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಹಾಸಿಗೆ ಅಥವಾ ಸೌಕರ್ಯವಿಲ್ಲವೆಂಬ ಉತ್ತರ ದೊರೆತು, ಕೊನೆಗೆ ಅವನು ಖಾಸಗಿ ಆಸ್ಪತ್ರೆಯಲ್ಲಿ ಹಣ ಕೊಟ್ಟು ಚಿಕಿತ್ಸೆ ಪಡೆಯಬೇಕಾಯಿತು. ಸಕಾಲದಲ್ಲಿ ಚಿಕಿತ್ಸೆ ನೀಡದಿರುವುದು 21ನೇ ಅನುಚ್ಛೇದದ ಉಲ್ಲಂಘನೆಯೆಂದು ನ್ಯಾಯಾಲಯ ತೀರ್ಪಿತ್ತು, ಪರಿಹಾರ ಕೊಡಿಸಿತು.

ವೃತ್ತಿಯ ಕಡೆಯಿಂದಲೂ ಇದೇ ನಿಯಮವಿದೆ. ಅಂತಾರಾಷ್ಟ್ರೀಯ ಶುಶ್ರೂಷಕರ ಪರಿಷತ್ತು 1953ರಲ್ಲಿ ಮೊದಲು ಅಂಗೀಕರಿಸಿ 2021ರಲ್ಲಿ ಪರಿಷ್ಕರಿಸಿದ ನೀತಿಸಂಹಿತೆಯಂತೆ ಶುಶ್ರೂಷೆಗೆ ರೋಗಿಯ ರಾಷ್ಟ್ರೀಯತೆ, ಜನಾಂಗ, ಭಾಷೆ, ಅಂತಸ್ತುಗಳು ಮಿತಿಯಾಗಬಾರದು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿಯೂ ತಾರತಮ್ಯರಹಿತ ಚಿಕಿತ್ಸೆಯ ಹಕ್ಕು ಸೇರಿದೆ.

3. ಮನೋಭಾವ ಏಕೆ ಮುಖ್ಯ?

ಕೂಲಿ ಕಾರ್ಮಿಕರಿಗೆ ಆಸ್ಪತ್ರೆಗೆ ಹೋದ ದಿನದ ಕೂಲಿ ನಷ್ಟವಾಗುತ್ತದೆ. ಅಷ್ಟನ್ನು ಬಿಟ್ಟು ಬಂದ ಮೇಲೆ ಮೊದಲ ಸಲವೇ ಗದರಿಕೆ ಅಥವಾ "ನಿಮ್ಮ ಊರಿಗೇ ಹೋಗಿ ತೋರಿಸಿ" ಎಂಬ ಮಾತು ಕೇಳಿಬಂದರೆ ಅವರು ಎರಡನೆಯ ಸಲ ಬರುವುದಿಲ್ಲ. ಔಷಧಿ ಅಂಗಡಿಯಲ್ಲಿ ಕೇಳಿ ಮಾತ್ರೆ ನುಂಗುತ್ತಾರೆ, ಅಥವಾ ಕಾಯಿಲೆ ಉಲ್ಬಣಿಸುವ ತನಕ ಶೆಡ್ಡಿನಲ್ಲಿಯೇ ಉಳಿಯುತ್ತಾರೆ. ಇದರ ಪರಿಣಾಮವು ಮೂರು ವಿಷಯಗಳಲ್ಲಿ ಸ್ಪಷ್ಟವಾಗಿ ಕಾಣಬರುತ್ತದೆ.

ಗರ್ಭಿಣಿಯರ ಆರೈಕೆ: ಉದಾಹರಣೆಗೆ, ಏಳು ತಿಂಗಳ ಗರ್ಭಿಣಿಯೊಬ್ಬಳು ತಾಯಿ ಕಾರ್ಡ್ ಇಲ್ಲದೆ ಬಂದಾಗ ಅದನ್ನೇ ಆಕ್ಷೇಪಿಸಿ ಹಿಂದಕ್ಕೆ ಕಳುಹಿಸಿದರೆ, ಅವಳ ರಕ್ತಹೀನತೆ ಅಥವಾ ಅಧಿಕ ರಕ್ತದೊತ್ತಡವು ಹೆರಿಗೆಯ ನೋವು ಬರುವ ತನಕ ಯಾರ ಗಮನಕ್ಕೂ ಬರುವುದಿಲ್ಲ. ಅದೇ ದಿನ ಹೊಸ ಕಾರ್ಡ್ ಬರೆದು ರಕ್ತ ಪರೀಕ್ಷೆ ಮಾಡಿಸಿದರೆ ಉಳಿದ ಎರಡು ತಿಂಗಳಲ್ಲಿ ಚಿಕಿತ್ಸೆಗೆ ಅವಕಾಶವಿರುತ್ತದೆ.

ಕ್ಷಯರೋಗ: ಸಾಮಾನ್ಯ ಔಷಧಿಗಳಿಗೆ ಬಗ್ಗುವ ಕ್ಷಯಕ್ಕೂ ಸಾಮಾನ್ಯವಾಗಿ ಆರು ತಿಂಗಳು ಬಿಡದೆ ಔಷಧಿ ಸೇವಿಸಬೇಕು. ಕಾಮಗಾರಿ ಮುಗಿದು ಕಾರ್ಮಿಕ ಬೇರೆ ಊರಿಗೆ ಹೋದಾಗ ಚಿಕಿತ್ಸೆ ನಿಂತುಹೋದರೆ ಔಷಧಿಗೆ ಬಗ್ಗದ ಕ್ಷಯವಾಗುವ ಅಪಾಯವಿದೆ. ನಿಕ್ಷಯ್ ವ್ಯವಸ್ಥೆಯಲ್ಲಿ ರೋಗಿಯ ದಾಖಲೆಯನ್ನು ಬೇರೆ ಜಿಲ್ಲೆಗೆ ಅಥವಾ ರಾಜ್ಯಕ್ಕೆ ವರ್ಗಾಯಿಸಲು ಅವಕಾಶವಿದೆ. ಆದರೆ ತಾನು ಊರು ಬಿಡುತ್ತಿರುವ ವಿಷಯವನ್ನು ರೋಗಿಯು ಧೈರ್ಯವಾಗಿ ಹೇಳಿದಾಗ ಮಾತ್ರ ಅದು ಸಾಧ್ಯ.

ಲಸಿಕೆ: ಭಾರತದಲ್ಲಿ ಪೋಲಿಯೋ ವೈರಾಣುವಿನ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ವರದಿಯಾಯಿತು, 2014ರ ಮಾರ್ಚ್ 27ರಂದು ದೇಶಕ್ಕೆ ಪೋಲಿಯೋ ಮುಕ್ತ ಪ್ರಮಾಣೀಕರಣ ದೊರೆಯಿತು. ಇಟ್ಟಿಗೆ ಗೂಡು, ಕಟ್ಟಡ ಕಾಮಗಾರಿ ಸ್ಥಳ, ಅಲೆಮಾರಿಗಳ ಬಿಡಾರ, ರೈಲು ಹಾಗೂ ಬಸ್ ನಿಲ್ದಾಣಗಳಿಗೆ ಲಸಿಕಾ ತಂಡಗಳು ಹೋಗಿ ಯಾವ ಊರಿನ ಮಗುವೆಂದು ನೋಡದೆ ಹನಿ ಹಾಕಿದ್ದು ಈ ಸಾಧನೆಯ ಮುಖ್ಯ ಕಾರಣಗಳಲ್ಲೊಂದು. ಒಂದು ಶೆಡ್ಡಿನ ಮಕ್ಕಳನ್ನು ಬಿಟ್ಟಿದ್ದರೂ ಅಪಾಯ ಸುತ್ತಲಿನ ಎಲ್ಲ ಮಕ್ಕಳಿಗೂ ಉಳಿಯುತ್ತಿತ್ತು.

4. ಸಾಮಾನ್ಯವಾಗಿ ಕೇಳಿಬರುವ ಅಭಿಪ್ರಾಯಗಳು ಮತ್ತು ವಸ್ತುಸ್ಥಿತಿ

ಮನೋಭಾವವನ್ನು ಅಧ್ಯಯನ ಮಾಡುವಾಗ ಕೆಲವು ಹೇಳಿಕೆಗಳನ್ನು ಕೊಟ್ಟು, "ಸಂಪೂರ್ಣ ಒಪ್ಪುತ್ತೇನೆ" ಎಂಬುದರಿಂದ "ಸ್ವಲ್ಪವೂ ಒಪ್ಪುವುದಿಲ್ಲ" ಎಂಬುದರವರೆಗೆ ಉತ್ತರ ಗುರುತಿಸಲು ಕೇಳುವ ಪದ್ಧತಿಯಿದೆ. ಅಮೆರಿಕದ ರೆನ್ಸಿಸ್ ಲೈಕರ್ಟ್ 1932ರಲ್ಲಿ ರೂಪಿಸಿದ ಈ ಮಾಪಕವನ್ನು ಶುಶ್ರೂಷಾ ಶಿಕ್ಷಣದಲ್ಲಿಯೂ ಬಳಸಲಾಗುತ್ತದೆ. ವಲಸಿಗರ ಕುರಿತು ವಿದ್ಯಾರ್ಥಿಗಳಲ್ಲಿಯೂ ಸಾರ್ವಜನಿಕರಲ್ಲಿಯೂ ಇರಬಹುದಾದ ನಾಲ್ಕು ಅಭಿಪ್ರಾಯಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

"ಹೊರಗಿನವರಿಂದಾಗಿ ಸ್ಥಳೀಯರಿಗೆ ಹಾಸಿಗೆ ಸಾಲದು." ವಾರ್ಡುಗಳಲ್ಲಿ ಒತ್ತಡವಿರುವುದು ನಿಜ, ಆ ಒತ್ತಡದಲ್ಲಿ ದುಡಿಯುವ ಸಿಬ್ಬಂದಿಯ ಬೇಸರವನ್ನೆಲ್ಲ ಪೂರ್ವಗ್ರಹವೆಂದು ತಿಳಿಯುವುದು ಸರಿಯಲ್ಲ. ಆದರೆ ಹಾಸಿಗೆ ಹಂಚಿಕೆಗೆ ಆಧಾರ ರೋಗದ ತೀವ್ರತೆಯೇ ಹೊರತು ಊರಲ್ಲ. ವಲಸಿಗರೂ ತಾವು ಕೊಳ್ಳುವ ವಸ್ತುಗಳ ಮೂಲಕ ತೆರಿಗೆ ಕಟ್ಟುತ್ತಾರೆ. ನಿರ್ಮಾಣ ವೆಚ್ಚದ ಶೇಕಡ 1ರಷ್ಟು ಸುಂಕವು ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದೇ ಸಂಗ್ರಹವಾಗುತ್ತದೆ. ಆ ಕಟ್ಟಡಗಳನ್ನು ಕಟ್ಟಿದವರಲ್ಲಿ ವಲಸಿಗರೂ ಸೇರಿದ್ದಾರೆ.

"ಅವರಿಗೆ ಸ್ವಚ್ಛತೆಯ ಅರಿವಿಲ್ಲ." ತಗಡಿನ ಶೆಡ್ಡುಗಳ ಸಾಲಿಗೆ ಒಂದೋ ಎರಡೋ ಶೌಚಾಲಯ, ದಿನಕ್ಕೊಮ್ಮೆ ಬರುವ ಟ್ಯಾಂಕರ್ ನೀರು ಇರುವ ಕಡೆ ಭೇದಿ ಮತ್ತು ಚರ್ಮರೋಗಗಳು ಹರಡುವುದಕ್ಕೆ ವಾಸದ ಸ್ಥಿತಿ ಕಾರಣ. ರೋಗಿಯನ್ನು ದೂಷಿಸುವುದರಿಂದ ಆ ಕಾರಣ ಮರೆಯಾಗುತ್ತದೆ ಮತ್ತು ಕುಡಿಯುವ ನೀರು, ಶೌಚಾಲಯ ಒದಗಿಸಬೇಕಾದ ಮಾಲೀಕರ ಹೊಣೆಯೂ ಮರೆತುಹೋಗುತ್ತದೆ.

"ಭಾಷೆ ಬಾರದವರಿಗೆ ಹೇಳಿ ಫಲವಿಲ್ಲ." ಭಾಷೆಯ ತೊಡಕು ನೈಜವಾದುದು. ಆದರೆ ಹೇಳುವ ಕ್ರಮವನ್ನು ಬದಲಿಸಿದರೆ ಬಹಳಷ್ಟು ತಿಳಿಸಬಹುದು: ಮಾತ್ರೆಯ ಹೊದಿಕೆಯ ಮೇಲೆ ಸೂರ್ಯ ಮತ್ತು ಚಂದ್ರನ ಗುರುತು ಹಾಕುವುದು, ರೋಗಿಯಿಂದಲೇ ಮರಳಿ ಹೇಳಿಸುವುದು, ದೂರವಾಣಿಯಲ್ಲಿ ಅವರ ಭಾಷೆ ಬಲ್ಲವರ ನೆರವು ಪಡೆಯುವುದು. ಚಿಕ್ಕ ಮಕ್ಕಳನ್ನು ದುಭಾಷಿಗಳಾಗಿ ಬಳಸುವುದು ಸೂಕ್ತವಲ್ಲ. ಕೆಲಸಕ್ಕೆ ಕರೆತಂದ ಮೇಸ್ತ್ರಿಯ ಮುಂದೆ ಕಾರ್ಮಿಕರು ಕೆಲಸದಲ್ಲಾದ ಗಾಯವನ್ನೋ ಗರ್ಭದ ವಿಷಯವನ್ನೋ ಮುಚ್ಚಿಡುವ ಸಂಭವವಿರುವುದರಿಂದ ಅಗತ್ಯವಿದ್ದಾಗ ರೋಗಿಯನ್ನು ಪ್ರತ್ಯೇಕವಾಗಿ ಮಾತನಾಡಿಸಬೇಕು.

"ದಾಖಲೆಯಿಲ್ಲದವರಿಗೆ ಸೌಲಭ್ಯ ಕೊಡುವುದು ನಿಯಮಬಾಹಿರ." ನಗದು ನೆರವು ಹಾಗೂ ವಿಮೆಯಂತಹ ಸೌಲಭ್ಯಗಳಿಗೆ ದಾಖಲೆ ಅವಶ್ಯ. ತುರ್ತು ಚಿಕಿತ್ಸೆಗೆ ಅದು ಪೂರ್ವಷರತ್ತಲ್ಲ. ಇವೆರಡರ ವ್ಯತ್ಯಾಸ ತಿಳಿಯದ ಕಾರಣ ಸದುದ್ದೇಶವುಳ್ಳ ವಿದ್ಯಾರ್ಥಿಯೂ ರೋಗಿಯನ್ನು ಹಿಂದಕ್ಕೆ ಕಳುಹಿಸುವುದುಂಟು. ಆದುದರಿಂದ ಸಹಾನುಭೂತಿಯ ಜೊತೆಗೆ ನಿಯಮಗಳ ತಿಳುವಳಿಕೆಯೂ ಅಷ್ಟೇ ಅವಶ್ಯ.

5. ಹೊರ ದೇಶದ ಒಂದು ಅನುಭವ

ಸ್ಪೇನ್ ದೇಶದಲ್ಲಿ 2000ದ ಕಾಯಿದೆಯಂತೆ, ಪುರಸಭೆಯ ನಿವಾಸಿಗಳ ಪಟ್ಟಿಯಲ್ಲಿ ಹೆಸರಿದ್ದ ವಲಸಿಗರಿಗೆ ವಾಸದ ಪರವಾನಗಿ ಇಲ್ಲದಿದ್ದರೂ ಸರ್ಕಾರಿ ಚಿಕಿತ್ಸೆ ದೊರೆಯುತ್ತಿತ್ತು. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, 2012ರ ಏಪ್ರಿಲ್‌ನಲ್ಲಿ, ಹೊಸ ಆದೇಶವೊಂದು ಪರವಾನಗಿ ಇಲ್ಲದ ವಯಸ್ಕ ವಲಸಿಗರ ಹಕ್ಕನ್ನು ತುರ್ತು ಚಿಕಿತ್ಸೆ ಹಾಗೂ ಗರ್ಭಿಣಿಯರ ಆರೈಕೆಗೆ ಸೀಮಿತಗೊಳಿಸಿತು. 18 ವರ್ಷದೊಳಗಿನ ಮಕ್ಕಳಿಗೆ ಮಾತ್ರ ಪೂರ್ಣ ಚಿಕಿತ್ಸೆ ಉಳಿಯಿತು. ನೆನ್ನೆಯವರೆಗೆ ನೋಡುತ್ತಿದ್ದ ಮಧುಮೇಹದ ರೋಗಿಯನ್ನು ಇಂದು ಏನು ಮಾಡಬೇಕೆಂಬ ಪ್ರಶ್ನೆ ವೈದ್ಯರಿಗೂ ಶುಶ್ರೂಷಕರಿಗೂ ಎದುರಾಯಿತು. ಹಲವು ಪ್ರಾಂತ್ಯಗಳು ತಮ್ಮದೇ ಕ್ರಮಗಳ ಮೂಲಕ ಚಿಕಿತ್ಸೆ ಮುಂದುವರಿಸಿದವು. 2018ರ ಜುಲೈನಲ್ಲಿ ಹೊರಡಿಸಿದ ಮತ್ತೊಂದು ಆದೇಶದಿಂದ ಸಾರ್ವತ್ರಿಕ ಚಿಕಿತ್ಸೆಯ ಹಕ್ಕು ಮರುಸ್ಥಾಪನೆಯಾಯಿತು. ನಿಯಮ ಬದಲಾದಾಗ ಅದರ ಭಾರ ಮೊದಲು ಬೀಳುವುದು ರೋಗಿಯ ಎದುರು ನಿಂತ ಸಿಬ್ಬಂದಿಯ ಮೇಲೆ ಎಂಬುದನ್ನು ಈ ಆರು ವರ್ಷಗಳ ಅನುಭವ ತೋರಿಸುತ್ತದೆ.

6. ಮನೋಭಾವ ರೂಪುಗೊಳ್ಳುವ ಬಗೆ

ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಭಿನ್ನ ಸಮುದಾಯಗಳವರ ಒಡನಾಟವು ಪೂರ್ವಗ್ರಹವನ್ನು ತಗ್ಗಿಸಲು ನಾಲ್ಕು ಅಂಶಗಳು ನೆರವಾಗುತ್ತವೆಂದು ತಿಳಿಸಿದ್ದಾನೆ: ಸಮಾನ ಸ್ಥಾನ, ಸಮಾನ ಗುರಿ, ಸಹಕಾರ ಹಾಗೂ ಸಂಸ್ಥೆಯ ಬೆಂಬಲ. 2006ರಲ್ಲಿ ಪೆಟಿಗ್ರೂ ಮತ್ತು ಟ್ರಾಪ್ ಎಂಬ ವಿದ್ವಾಂಸರು 515 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ, ಒಡನಾಟದಿಂದ ಪೂರ್ವಗ್ರಹವು ಸಾಮಾನ್ಯವಾಗಿ ಕಡಿಮೆಯಾಗುವುದನ್ನು ಕಂಡುಕೊಂಡರು. ರೋಗಿಯ ಸಂಸ್ಕೃತಿಯನ್ನು ಅರಿತು ಆರೈಕೆ ನೀಡುವ ಶಾಸ್ತ್ರವನ್ನು ಶುಶ್ರೂಷಾ ತಜ್ಞೆ ಮೆಡಲೀನ್ ಲೈನಿಂಗರ್ ಬೆಳೆಸಿದಳು. ಬಾಣಂತಿಯ ಪಥ್ಯ, ಮೈ ಮುಟ್ಟಿಸಿಕೊಳ್ಳುವ ಸಂಕೋಚ, ನೋವನ್ನು ಹೇಳಿಕೊಳ್ಳುವ ರೀತಿ ಇವೆಲ್ಲ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುವುದರಿಂದ ಅವುಗಳನ್ನು ಕೇಳಿ ತಿಳಿಯುವುದೂ ಶುಶ್ರೂಷೆಯ ಭಾಗವಾಗುತ್ತದೆ.

ಕಿಕ್ಕಿರಿದ ವಾರ್ಡಿನಲ್ಲಿ ವಲಸಿಗರನ್ನು ದಿನವೂ ನೋಡುವುದು ಒಡನಾಟವಾಗಲಾರದು. ಸಮುದಾಯ ಆರೋಗ್ಯ ಶುಶ್ರೂಷೆಯ ತರಬೇತಿಯಲ್ಲಿ ಆಶಾ ಕಾರ್ಯಕರ್ತೆಯರೊಂದಿಗೆ ಕಾರ್ಮಿಕರ ಶೆಡ್ಡುಗಳಿಗೆ ಹೋಗಿ, ಅಡುಗೆಯ ಒಲೆ, ನೀರಿನ ಡ್ರಮ್ಮು, ಮಗುವನ್ನು ಮಲಗಿಸುವ ಜಾಗಗಳನ್ನು ಕಂಡ ವಿದ್ಯಾರ್ಥಿಗೆ, ಆ ತಾಯಿ ಮಗುವಿನ ಲಸಿಕೆಯ ದಿನವನ್ನು ಏಕೆ ತಪ್ಪಿಸಿದಳೆಂಬುದು ಬೇಗ ಅರ್ಥವಾಗುತ್ತದೆ.

ಕರ್ನಾಟಕದ ಶುಶ್ರೂಷಾ ಕಾಲೇಜುಗಳಲ್ಲಿ ಕೇರಳ, ಪಶ್ಚಿಮ ಬಂಗಾಳ ಹಾಗೂ ಈಶಾನ್ಯ ರಾಜ್ಯಗಳಿಂದ ಬಂದ ವಿದ್ಯಾರ್ಥಿಗಳೂ ಇದ್ದಾರೆ. ಭಾಷೆ ಬಾರದ ಊರಿನಲ್ಲಿ ಬಾಡಿಗೆ ಕೊಠಡಿ ಹುಡುಕಿದ ಅನುಭವ ಅವರಿಗಿದೆ. ಇಲ್ಲಿ ವ್ಯಾಸಂಗ ಮುಗಿಸಿದವರಲ್ಲಿ ಅನೇಕರು ಮುಂದೆ ಕೊಲ್ಲಿ ರಾಷ್ಟ್ರಗಳು, ಬ್ರಿಟನ್, ಐರ್ಲೆಂಡ್, ಜರ್ಮನಿಗಳಿಗೆ ತೆರಳಿ ಅಲ್ಲಿ ತಾವೇ ವಲಸಿಗರಾಗುತ್ತಾರೆ. ಅಲ್ಲಿ ಅವರು ನಿರೀಕ್ಷಿಸುವ ನಡವಳಿಕೆಯನ್ನೇ ಇಲ್ಲಿ ಗುಳೆ ಬಂದ ಕುಟುಂಬವು ಅವರಿಂದ ನಿರೀಕ್ಷಿಸುತ್ತದೆ.

7. ಸೇವೆ ಪಡೆಯಬಯಸುವವರ ಗಮನಕ್ಕೆ

ವಲಸೆ ಬಂದವರು ಪಡೆಯಬಹುದಾದ ಮುಖ್ಯ ಸೇವೆಗಳು ಈ ಕೆಳಕಂಡಂತಿವೆ.

(1) ಹೆರಿಗೆ ಸೇವೆ: 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯೂ ಸೇರಿದಂತೆ ಹೆರಿಗೆ, ಔಷಧಿ, ಪರೀಕ್ಷೆ, ಆಹಾರ, ಅಗತ್ಯವಿದ್ದರೆ ರಕ್ತ ಹಾಗೂ ವಾಹನ ಸೌಲಭ್ಯ ಉಚಿತ. ಬೇರೆ ರಾಜ್ಯದ ತಾಯಿ ಕಾರ್ಡ್ ಇದ್ದಲ್ಲಿ ಅದನ್ನು ತರುವುದು. ಇಲ್ಲದಿದ್ದಲ್ಲಿ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ನೋಂದಾಯಿಸಿಕೊಳ್ಳುವುದು.

(2) ಲಸಿಕೆ: ಮಗುವಿಗೆ ಹುಟ್ಟಿದಾಗ, 6, 10 ಮತ್ತು 14ನೇ ವಾರಗಳಲ್ಲಿ, 9 ತಿಂಗಳು ತುಂಬಿದಾಗ ಹಾಗೂ ಮುಂದಿನ ನಿಗದಿತ ಅವಧಿಗಳಲ್ಲಿ ಉಚಿತವಾಗಿ ಲಸಿಕೆ ನೀಡಲಾಗುತ್ತದೆ. ಒಂದು ಊರಿನಲ್ಲಿ ಆರಂಭಿಸಿದ ಲಸಿಕೆಯನ್ನು ಮತ್ತೊಂದು ಊರಿನಲ್ಲಿ ಮುಂದುವರಿಸಬಹುದು.

(3) ಅಂಗನವಾಡಿ: 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಹಾಗೂ ಆರು ವರ್ಷದೊಳಗಿನ ಮಕ್ಕಳಿಗೆ ಸ್ಥಳೀಯ ಅಂಗನವಾಡಿಯ ಮೂಲಕ ಉಚಿತ ಪೌಷ್ಟಿಕ ಆಹಾರದ ಹಕ್ಕು ನೀಡಿದೆ.

(4) ಜನನ ನೋಂದಣಿ: ಜನನವು ಎಲ್ಲಿ ಸಂಭವಿಸಿತೋ ಅಲ್ಲಿಯೇ 21 ದಿನಗಳೊಳಗೆ ನೋಂದಣಿಯಾಗಬೇಕು. ಪೋಷಕರ ಸ್ವಂತ ಊರು ಬೇರೆಯಾಗಿದ್ದರೂ ಇದೇ ನಿಯಮ. 2023ರ ಅಕ್ಟೋಬರ್ 1ರ ನಂತರ ಜನಿಸಿದವರಿಗೆ ಶಾಲಾ ಪ್ರವೇಶ ಮೊದಲಾದ ಉದ್ದೇಶಗಳಿಗೆ ಈ ಪ್ರಮಾಣಪತ್ರವೇ ಜನನದ ಪುರಾವೆಯಾಗಿರುವುದರಿಂದ ಊರು ಬಿಡುವ ಮೊದಲು ಅದನ್ನು ಪಡೆದುಕೊಳ್ಳತಕ್ಕದ್ದು.

(5) ಪಡಿತರ: ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯು 2022ರ ಜೂನ್ ವೇಳೆಗೆ ಎಲ್ಲ ರಾಜ್ಯಗಳಲ್ಲಿ ಜಾರಿಗೆ ಬಂದಿದೆ. ಆಹಾರ ಭದ್ರತಾ ಕಾಯಿದೆಯಡಿ ಪಡಿತರ ಚೀಟಿ ಹೊಂದಿರುವವರು ಆಧಾರ್ ದೃಢೀಕರಣದ ಮೂಲಕ ದೇಶದ ಯಾವುದೇ ನ್ಯಾಯಬೆಲೆ ಅಂಗಡಿಯಲ್ಲಿ ಧಾನ್ಯ ಪಡೆಯಬಹುದು.

(6) ಚಿಕಿತ್ಸಾ ವಿಮೆ: 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಒಳರೋಗಿ ಚಿಕಿತ್ಸೆಯಿದೆ. ಯೋಜನೆ ಜಾರಿಯಲ್ಲಿರುವ ರಾಜ್ಯದ ಕಾರ್ಡನ್ನು ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲಿಯೂ ಬಳಸಬಹುದು. ಶಿಫಾರಸು ಪತ್ರ ಬೇಕೇ ಎಂಬುದನ್ನು ಆಸ್ಪತ್ರೆಯ ಸಹಾಯ ಕೇಂದ್ರದಲ್ಲಿ ವಿಚಾರಿಸುವುದು.

(7) ಕ್ಷಯರೋಗ ಚಿಕಿತ್ಸೆ: ಪರೀಕ್ಷೆ ಮತ್ತು ಔಷಧಿ ಉಚಿತ. ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕಾಗಿ ನೀಡುವ ಮಾಸಿಕ ನೆರವನ್ನು 2024ರ ನವೆಂಬರ್‌ನಿಂದ 500 ರೂಪಾಯಿಗಳಿಂದ 1,000 ರೂಪಾಯಿಗಳಿಗೆ ಹೆಚ್ಚಿಸಲಾಗಿದೆ.

(8) ಮಕ್ಕಳ ಶಿಕ್ಷಣ: 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ 6ರಿಂದ 14 ವರ್ಷದ ಮಗುವಿಗೆ ವಯಸ್ಸಿನ ದಾಖಲೆ ಇಲ್ಲವೆಂಬ ಅಥವಾ ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ.

(9) ಕಾರ್ಮಿಕ ಸೌಲಭ್ಯ: ಅಸಂಘಟಿತ ಕಾರ್ಮಿಕರು 2021ರ ಆಗಸ್ಟ್‌ನಲ್ಲಿ ಆರಂಭವಾದ ಇ-ಶ್ರಮ್ ವ್ಯವಸ್ಥೆಯಲ್ಲಿ ಹೆಸರು ನೋಂದಾಯಿಸಬಹುದು. ಹಿಂದಿನ 12 ತಿಂಗಳುಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರುವ, 18ರಿಂದ 60 ವರ್ಷದೊಳಗಿನವರು ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಗೆ ಅರ್ಜಿ ಸಲ್ಲಿಸಬಹುದು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಯ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಜಾರಿಗೆ ಬಂದಿದ್ದು, ಗುತ್ತಿಗೆದಾರರ ಮೂಲಕವಲ್ಲದೆ ತಾವಾಗಿಯೇ ಬಂದು ಕೆಲಸಕ್ಕೆ ಸೇರಿದವರನ್ನೂ ಅದು ವಲಸೆ ಕಾರ್ಮಿಕರೆಂದು ಪರಿಗಣಿಸುತ್ತದೆ.

ರಾಜ್ಯದ ಕೆಲವು ನಗದು ನೆರವಿನ ಯೋಜನೆಗಳಿಗೆ ರಾಜ್ಯದ ಪಡಿತರ ಚೀಟಿ ಅಥವಾ ವಾಸದ ಷರತ್ತು ಇರುತ್ತದೆ. ಅಂತಹ ಯೋಜನೆಗೆ ಅರ್ಹತೆ ಇಲ್ಲವೆಂಬ ಕಾರಣದಿಂದ ಮೇಲ್ಕಂಡ ಸೇವೆಗಳನ್ನು ನಿರಾಕರಿಸಲು ಬರುವುದಿಲ್ಲ.

8. ಶುಶ್ರೂಷಾ ವಿದ್ಯಾರ್ಥಿಗಳು ಪಾಲಿಸಬೇಕಾದ ಅಂಶಗಳು

ಮೊದಲು ತೊಂದರೆಯನ್ನು ಕೇಳಿ ನಂತರ ವಿಳಾಸವನ್ನು ಕೇಳುವುದು. ಊರನ್ನು ಕೇಳುವಾಗ ಕಾರಣವನ್ನೂ ತಿಳಿಸುವುದು. ಮಲೇರಿಯಾದಂತಹ ಕಾಯಿಲೆಗಳಲ್ಲಿ ರೋಗಿ ಎಲ್ಲಿಂದ ಬಂದನೆಂಬುದು ಚಿಕಿತ್ಸೆಗೆ ಅವಶ್ಯ ಮಾಹಿತಿ. ವಯಸ್ಸಿನಲ್ಲಿ ಹಿರಿಯರಾದ ಕಾರ್ಮಿಕರನ್ನು ಏಕವಚನದಲ್ಲಿ ಸಂಬೋಧಿಸದಿರುವುದು. ದಾಖಲೆ ಇಲ್ಲದ ಸಂದರ್ಭದಲ್ಲಿ ತಾವೇ ನಿರ್ಧಾರ ಕೈಗೊಳ್ಳದೆ ಮೇಲ್ವಿಚಾರಕರ ಗಮನಕ್ಕೆ ತಂದು, ಅಲ್ಲಿಯವರೆಗೆ ರೋಗಿಯನ್ನು ಹಿಂದಕ್ಕೆ ಕಳುಹಿಸದಿರುವುದು. ಊರಿಗೆ ಮರಳುವ ರೋಗಿಗೆ ರೋಗದ ಹೆಸರು, ನೀಡಿದ ಔಷಧಿ ಹಾಗೂ ಮುಂದಿನ ತಪಾಸಣೆಯ ದಿನಾಂಕವನ್ನು ಸ್ಪಷ್ಟವಾಗಿ ಬರೆದುಕೊಡುವಂತೆ ನೋಡಿಕೊಳ್ಳುವುದು. ಮುಂದಿನ ಊರಿನ ಆಸ್ಪತ್ರೆಗೆ ಆ ಒಂದು ಚೀಟಿಯೇ ಅವರ ಪೂರ್ವ ಚರಿತ್ರೆ.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಆಧಾರ್ ಕಾರ್ಡ್ ಊರಿನಲ್ಲಿ ಉಳಿದಿದೆ. ಹೆರಿಗೆ ನೋವು ಆರಂಭವಾಗಿದೆ. ಏನು ಮಾಡಬೇಕು?
ಉತ್ತರ: 108 ಸಂಖ್ಯೆಗೆ ಕರೆ ಮಾಡಿ ಕೂಡಲೇ ಹತ್ತಿರದ ಆಸ್ಪತ್ರೆಗೆ ಹೋಗಬೇಕು. ಹೆರಿಗೆಯು ತುರ್ತು ಸೇವೆಯಾಗಿದ್ದು, ದಾಖಲೆಗಳನ್ನು ನಂತರ ಹಾಜರುಪಡಿಸಬಹುದು.

ಪ್ರಶ್ನೆ: ವಿದ್ಯಾರ್ಥಿಯಿಂದ ಆರೈಕೆ ಪಡೆಯಲು ರೋಗಿಯು ನಿರಾಕರಿಸಬಹುದೇ?
ಉತ್ತರ: ತಮ್ಮನ್ನು ಆರೈಕೆ ಮಾಡುತ್ತಿರುವವರು ವಿದ್ಯಾರ್ಥಿಯೇ ಎಂದು ಕೇಳಿ ತಿಳಿಯಬಹುದು ಮತ್ತು ಶುಶ್ರೂಷಾಧಿಕಾರಿಯ ಉಪಸ್ಥಿತಿಯನ್ನು ಕೋರಬಹುದು. ಭಾಷೆ ಬಾರದ ರೋಗಿಗೂ ಒಪ್ಪಿಗೆ ಕೊಡುವ ಹಾಗೂ ಕೊಡದಿರುವ ಹಕ್ಕಿದೆ.

ಪ್ರಶ್ನೆ: ವಿದೇಶಿ ರೋಗಿಯ ವಿವರಗಳನ್ನು ಪರಿಶೀಲಿಸುವುದು ವಿದ್ಯಾರ್ಥಿಯ ಕೆಲಸವೇ?
ಉತ್ತರ: ಅಲ್ಲ. 2025ರ ವಲಸೆ ಮತ್ತು ವಿದೇಶಿಯರ ಕಾಯಿದೆಯಂತೆ ಒಳರೋಗಿಯಾಗಿ ದಾಖಲಾದ ವಿದೇಶಿಯರ ಮಾಹಿತಿಯನ್ನು ನೋಂದಣಿ ಅಧಿಕಾರಿಗೆ ಒದಗಿಸುವ ಹೊಣೆ ಆಸ್ಪತ್ರೆಯ ಆಡಳಿತದ್ದು. ವಿದ್ಯಾರ್ಥಿಯ ಕೆಲಸ ಆರೈಕೆ.

ಪ್ರಶ್ನೆ: ನೆರೆಯಲ್ಲಿ ಅಥವಾ ಕಾಮಗಾರಿ ಸ್ಥಳದಲ್ಲಿ ವಲಸೆ ಬಂದ ಗರ್ಭಿಣಿ ಇದ್ದರೆ ಸಾರ್ವಜನಿಕರು ಏನು ಮಾಡಬಹುದು?
ಉತ್ತರ: ಆ ಪ್ರದೇಶದ ಆಶಾ ಕಾರ್ಯಕರ್ತೆಗೆ ಅಥವಾ ಅಂಗನವಾಡಿ ಕಾರ್ಯಕರ್ತೆಗೆ ತಿಳಿಸಬಹುದು. ಆರೋಗ್ಯ ಕೇಂದ್ರದವರೆಗೆ ಒಮ್ಮೆ ಜೊತೆಗೆ ಹೋಗಿ ಬಂದರೂ ಬಹಳ ಸಹಾಯವಾಗುತ್ತದೆ.

10. ಕುಂದುಕೊರತೆಗಳು

ಊರು, ಭಾಷೆ ಅಥವಾ ದಾಖಲೆಯ ಕಾರಣದಿಂದ ಚಿಕಿತ್ಸೆ ನಿರಾಕರಿಸಲ್ಪಟ್ಟಲ್ಲಿ ಮೊದಲು ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗೆ, ನಂತರ ತಾಲ್ಲೂಕು ಆರೋಗ್ಯಾಧಿಕಾರಿ ಅಥವಾ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗೆ ದೂರು ಸಲ್ಲಿಸಬಹುದು. ಆರೋಗ್ಯ ಸಹಾಯವಾಣಿ 104 ಹಾಗೂ ಸಾರ್ವಜನಿಕ ಕುಂದುಕೊರತೆಗಳ ಸಹಾಯವಾಣಿ 1902 ಸಂಖ್ಯೆಗಳಿಗೂ ಕರೆ ಮಾಡಬಹುದು. ದೂರಿನಲ್ಲಿ ದಿನಾಂಕ, ಸಮಯ, ವಿಭಾಗದ ಹೆಸರು ಹಾಗೂ ನಡೆದ ಸಂಗತಿಯನ್ನು ನಮೂದಿಸಿದರೆ ಸಾಕು. ಬರೆಯಲು ಬಾರದವರ ಪರವಾಗಿ ಬೇರೆಯವರು ಬರೆದುಕೊಡಬಹುದು.

ಯೋಜನೆಗಳ ಮೊತ್ತ ಹಾಗೂ ಷರತ್ತುಗಳು ಕಾಲಕಾಲಕ್ಕೆ ಬದಲಾಗುವುದರಿಂದ ಅರ್ಜಿದಾರರು ಸಂಬಂಧಪಟ್ಟ ಕಚೇರಿಯಲ್ಲಿ ವಿಚಾರಿಸಿ ಮುಂದುವರಿಯುವುದು ಸೂಕ್ತ. ತುರ್ತು ಚಿಕಿತ್ಸೆಯ ವಿಷಯದಲ್ಲಿ ಮಾತ್ರ ಯಾವ ವಿಚಾರಣೆಗೂ ಕಾಯದೆ ನೇರವಾಗಿ ಆಸ್ಪತ್ರೆಗೆ ಹೋಗತಕ್ಕದ್ದು.